ಮೂರನೆಯ ಸೋಮೇಶ್ವರ

ಮೂರನೆಯ ಸೋಮೇಶ್ವರನು (ಆಳ್ವಿಕೆ: ಸುಮಾರು ಕ್ರಿ.ಶ. 1126–1138) ಕಲ್ಯಾಣದ ಚಾಲುಕ್ಯ ವಂಶದ ಅರಸ. ಆರನೆಯ ವಿಕ್ರಮಾದಿತ್ಯನ ಮಗನಾದ ಇವನಿಗೆ ಭೂಲೋಕಮಲ್ಲ, ಸರ್ವಜ್ಞಚಕ್ರವರ್ತಿ ಎಂಬ ಬಿರುದುಗಳಿದ್ದವು. ಸಂಸ್ಕೃತದ ವಿಶ್ವಕೋಶವೆಂದೇ ಪ್ರಸಿದ್ಧವಾದ ಮಾನಸೋಲ್ಲಾಸ ಅಥವಾ ಅಭಿಲಷಿತಾರ್ಥಚಿಂತಾಮಣಿ ಎಂಬ ಗ್ರಂಥದ ಕರ್ತೃವಾಗಿ ಇವನ ಹೆಸರು ಉಳಿದಿದೆ. ರಾಜನೀತಿ, ಅಡುಗೆ, ಚಿತ್ರಕಲೆ, ಸಂಗೀತ, ರತ್ನಪರೀಕ್ಷೆ, ಆನೆ ಕುದುರೆಗಳ ಪಾಲನೆ ಮೊದಲಾದ ವಿಷಯಗಳ ಜೊತೆಗೆ ಗಾಳ ಹಾಕಿ ಮೀನು ಹಿಡಿಯುವ ಕಲೆಗೂ ಈ ಗ್ರಂಥದಲ್ಲಿ ಒಂದು ಪ್ರತ್ಯೇಕ ಅಧ್ಯಾಯವಿದೆ. ಮತ್ಸ್ಯವಿನೋದ ಎಂಬ ಆ ಅಧ್ಯಾಯವು ಭಾರತದಲ್ಲಿ ಗಾಳಗಾರಿಕೆಯನ್ನು ಕ್ರಮಬದ್ಧವಾಗಿ ವಿವರಿಸಿದ ಹಳೆಯ ಬರಹಗಳಲ್ಲಿ ಮುಖ್ಯವಾದುದು.

ಮನೆತನ ಮತ್ತು ಹಿನ್ನೆಲೆ

ಕಲ್ಯಾಣದ ಚಾಲುಕ್ಯರು ತಮ್ಮನ್ನು ಬಾದಾಮಿಯ ಚಾಲುಕ್ಯರ ವಂಶಸ್ಥರೆಂದು ಶಾಸನಗಳಲ್ಲಿ ಹೇಳಿಕೊಂಡಿದ್ದಾರೆ. 973ರಲ್ಲಿ ಎರಡನೆಯ ತೈಲಪನು ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗಾಣಿಸಿ ಈ ಮನೆತನದ ಅಧಿಕಾರವನ್ನು ಮತ್ತೆ ಸ್ಥಾಪಿಸಿದನು. ಮೊದಲನೆಯ ಸೋಮೇಶ್ವರನು (1042–1068) ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ವರ್ಗಾಯಿಸಿದನು. ವಾಸಿಯಾಗದ ಕಾಯಿಲೆಗೆ ತುತ್ತಾದ ಆತನು 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ಜಲಸಮಾಧಿ ಹೊಂದಿದನು. ಆತನ ಮಗ ಎರಡನೆಯ ಸೋಮೇಶ್ವರನನ್ನು ಪದಚ್ಯುತಗೊಳಿಸಿ 1076ರಲ್ಲಿ ಪಟ್ಟಕ್ಕೆ ಬಂದವನೇ ಆರನೆಯ ವಿಕ್ರಮಾದಿತ್ಯ. ಮೂರನೆಯ ಸೋಮೇಶ್ವರನಿಗೆ ಅಜ್ಜನ ಹೆಸರೇ ಬಂದಿತು.

ವಿಕ್ರಮಾದಿತ್ಯನ ಐವತ್ತು ವರ್ಷಗಳ ಆಳ್ವಿಕೆಯು ಚಾಲುಕ್ಯ ಸಾಮ್ರಾಜ್ಯದ ಉಚ್ಛ್ರಾಯದ ಕಾಲ. ಆತನು ಶಕವರ್ಷದ ಬದಲಿಗೆ ಚಾಲುಕ್ಯ ವಿಕ್ರಮ ವರ್ಷವನ್ನು ಬಳಕೆಗೆ ತಂದನು. ಕಾಶ್ಮೀರದಿಂದ ಬಂದ ಬಿಲ್ಹಣನು ಆತನ ಆಸ್ಥಾನದಲ್ಲಿದ್ದು ವಿಕ್ರಮಾಂಕದೇವಚರಿತವನ್ನು ರಚಿಸಿದನು. ಹಿಂದೂ ಧರ್ಮಶಾಸ್ತ್ರದ ಪ್ರಮಾಣಗ್ರಂಥಗಳಲ್ಲೊಂದಾದ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನೂ ಅದೇ ಆಸ್ಥಾನದವನು. ಇಟಗಿಯ ಮಹಾದೇವ ದೇವಾಲಯ (1112) ನಿರ್ಮಾಣವಾದದ್ದು ಇದೇ ಕಾಲದಲ್ಲಿ.

ಲೌಕಿಕ ವಿದ್ಯೆಗಳನ್ನು ಗ್ರಂಥರೂಪಕ್ಕೆ ತರುವ ರೂಢಿಯು ಚಾಲುಕ್ಯರ ನಾಡಿನಲ್ಲಿ ಸೋಮೇಶ್ವರನಿಗೂ ಮುಂಚಿನಿಂದ ಇತ್ತು. ಇಮ್ಮಡಿ ಚಾವುಂಡರಾಯನ ಲೋಕೋಪಕಾರ (ಸುಮಾರು 1025) ಕನ್ನಡದಲ್ಲಿ ವ್ಯವಸಾಯ, ಅಡುಗೆ, ಜಲಶೋಧನೆ, ವೈದ್ಯ ಮೊದಲಾದ ವಿಷಯಗಳನ್ನು ಹೇಳುತ್ತದೆ. ಶ್ರೀಧರಾಚಾರ್ಯನ ಜಾತಕತಿಲಕ (1049) ಜ್ಯೋತಿಷದ ಗ್ರಂಥ. ವಿಕ್ರಮಾದಿತ್ಯನ ಸಹೋದರನಾದ ಕೀರ್ತಿವರ್ಮನು ದನಕರುಗಳ ಚಿಕಿತ್ಸೆಯನ್ನು ಕುರಿತು ಗೋವೈದ್ಯ ಎಂಬ ಕನ್ನಡ ಗ್ರಂಥವನ್ನು ಬರೆದನು. ಹೀಗೆ ಅರಸನ ಚಿಕ್ಕಪ್ಪನೇ ಕೊಟ್ಟಿಗೆಯ ವಿದ್ಯೆಯನ್ನು ಶಾಸ್ತ್ರವೆಂದು ಬಗೆದ ಮನೆತನದಲ್ಲಿ ಸೋಮೇಶ್ವರನು ಬೆಳೆದನು. ಅವನ ಗ್ರಂಥದ ವಿಷಯವೈವಿಧ್ಯವನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ.

ಆಳ್ವಿಕೆ

1126ರಲ್ಲಿ ವಿಕ್ರಮಾದಿತ್ಯನು ತೀರಿಕೊಂಡ ಬಳಿಕ ಸೋಮೇಶ್ವರನು ಸಿಂಹಾಸನವನ್ನೇರಿದನು. ಅವನ ಶಾಸನಗಳಲ್ಲಿ ಕಾಲವನ್ನು ಭೂಲೋಕಮಲ್ಲ ವರ್ಷದ ಲೆಕ್ಕದಲ್ಲಿ ಸೂಚಿಸಿರುವುದು ಕಂಡುಬರುತ್ತದೆ. ತಂದೆಯು ಬಿಟ್ಟುಹೋದ ರಾಜ್ಯವು ನರ್ಮದೆಯಿಂದ ದಕ್ಷಿಣಕ್ಕೆ ವಿಶಾಲವಾಗಿ ಹರಡಿತ್ತು. ಆದರೆ ಅದರ ಬಹುಭಾಗವು ಮಹಾಮಂಡಲೇಶ್ವರರೆಂಬ ಸಾಮಂತರ ಕೈಯಲ್ಲಿದ್ದು, ಅವರ ನಿಷ್ಠೆಯ ಮೇಲೆಯೇ ಸಾಮ್ರಾಜ್ಯದ ಬಲವು ನಿಂತಿತ್ತು.

ಈ ನಿಷ್ಠೆಯನ್ನು ಹೆಚ್ಚು ಪರೀಕ್ಷಿಸಿದವನು ಹೊಯ್ಸಳ ವಿಷ್ಣುವರ್ಧನ. 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದುಕೊಂಡಿದ್ದ ಆತನು ವಿಕ್ರಮಾದಿತ್ಯನ ಕಾಲದಲ್ಲೇ ಚಾಲುಕ್ಯ ಸೇನೆಯೊಡನೆ ಕಾದಾಡಿದ್ದನು. ಸೋಮೇಶ್ವರನ ಕಾಲದಲ್ಲಿ ಆತನು ಹೆಸರಿಗೆ ಸಾಮಂತನಾಗಿಯೇ ಉಳಿದನು. ಆದರೆ ತುಂಗಭದ್ರೆಯ ಆಚೀಚೆಯ ಬನವಾಸಿ, ಹಾನಗಲ್ಲು ಪ್ರದೇಶಗಳ ಮೇಲೆ ಆತನ ಒತ್ತಡ ಹೆಚ್ಚುತ್ತ ಹೋಯಿತು. ಪೂರ್ವದಲ್ಲಿ, ವಿಕ್ರಮಾದಿತ್ಯನ ಕೊನೆಗಾಲದಲ್ಲಿ ಚಾಲುಕ್ಯರ ಹಿಡಿತದಲ್ಲಿದ್ದ ವೆಂಗಿ ನಾಡು ಚೋಳರ ವಶಕ್ಕೆ ಮರಳಿತು. ಇವುಗಳ ಹೊರತಾಗಿ ಸೋಮೇಶ್ವರನ ಆಳ್ವಿಕೆಯ ಹನ್ನೆರಡು ವರ್ಷಗಳು ಬಹುಮಟ್ಟಿಗೆ ಶಾಂತವಾಗಿದ್ದವು.

1138ರಲ್ಲಿ ಸೋಮೇಶ್ವರನ ನಂತರ ಅವನ ಮಗ ಇಮ್ಮಡಿ ಜಗದೇಕಮಲ್ಲನು (1138–1151) ಪಟ್ಟಕ್ಕೆ ಬಂದನು. ಆ ಬಳಿಕ ಮೂರನೆಯ ತೈಲಪನ ಕಾಲದಲ್ಲಿ ಕಳಚುರಿ ಬಿಜ್ಜಳನು ಬಲಗೊಂಡು, 1162ರ ಹೊತ್ತಿಗೆ ಕಲ್ಯಾಣದ ಅಧಿಕಾರವನ್ನು ತನ್ನದಾಗಿಸಿಕೊಂಡನು. ನಾಲ್ಕನೆಯ ಸೋಮೇಶ್ವರನು 1184ರ ಸುಮಾರಿಗೆ ರಾಜ್ಯವನ್ನು ಮರಳಿ ಪಡೆದರೂ 1200ರ ವೇಳೆಗೆ ಸೇವುಣರು ಮತ್ತು ಹೊಯ್ಸಳರು ಚಾಲುಕ್ಯರ ನಾಡನ್ನು ಹಂಚಿಕೊಂಡರು.

ಬಾಗಲಕೋಟೆ ಸೀಮೆಯೊಂದಿಗಿನ ಸಂಬಂಧ

ಇಂದಿನ ಬಾಗಲಕೋಟೆ ಜಿಲ್ಲೆಯು (ವಿಜಯಪುರ ಜಿಲ್ಲೆಯಿಂದ ಬೇರ್ಪಟ್ಟು 1997ರಲ್ಲಿ ರಚನೆಯಾದದ್ದು) ಸೋಮೇಶ್ವರನ ರಾಜ್ಯದ ಒಳನಾಡಾಗಿತ್ತು. ಬಾಗಲಕೋಟೆಗೆ ಶಾಸನಗಳಲ್ಲಿ ಬಾಗಡಗೆ ಎಂಬ ಹೆಸರಿದೆ. ಪಟ್ಟದಕಲ್ಲು ಅಂದಿನ ಕಿಸುವೊಳಲು. ಬಾಗಡಗೆ-70, ಕಿಸುಕಾಡು-70 ಮತ್ತು ಬಾದಾಮಿ ತಾಲ್ಲೂಕಿನ ಕೆಲವಡಿಯನ್ನು ಕೇಂದ್ರವಾಗುಳ್ಳ ಕೆಲವಡಿ-300 ಎಂಬ ಆಡಳಿತ ವಿಭಾಗಗಳನ್ನು ಎರಂಬರಗೆಯ, ಅಂದರೆ ಇಂದಿನ ಯಲಬುರ್ಗಾದ, ಸಿಂದ ಮನೆತನದವರು ಚಾಲುಕ್ಯರ ಸಾಮಂತರಾಗಿ ಆಳುತ್ತಿದ್ದರು. ಹೊಯ್ಸಳರ ಮುನ್ನಡೆಯನ್ನು ತಡೆಯುವಲ್ಲಿ ಚಾಲುಕ್ಯರು ಸಿಂದ ಆಚುಗಿ ಮತ್ತು ಆತನ ಮಗ ಪೆರ್ಮಾಡಿಯರನ್ನು ನೆಚ್ಚಿಕೊಂಡಿದ್ದರು.

ಹುನಗುಂದ ತಾಲ್ಲೂಕಿನ ಐಹೊಳೆ ಆಗ ಅಯ್ಯಾವೊಳೆ ಎಂದು ಪ್ರಸಿದ್ಧವಾಗಿತ್ತು. ಅಲ್ಲಿಂದ ಹೆಸರು ಪಡೆದ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘದ ವ್ಯಾಪಾರವು ದಕ್ಷಿಣ ಭಾರತದಾಚೆಗೂ ಹಬ್ಬಿತ್ತು. ಮಲಪ್ರಭೆಯು ಕೃಷ್ಣೆಯನ್ನು ಸೇರುವ ಕೂಡಲಸಂಗಮವೂ ಇದೇ ಸೀಮೆಯಲ್ಲಿದೆ. ಬಸವಣ್ಣನವರು ವಿದ್ಯಾಭ್ಯಾಸ ಮಾಡಿದ ಈ ಸ್ಥಳವು ಹನ್ನೆರಡನೆಯ ಶತಮಾನದಲ್ಲಿ ಮುಖ್ಯ ಶೈವಕೇಂದ್ರವಾಗಿತ್ತು. ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಹರಿಯುವ ಈ ನಾಡಿನಲ್ಲಿ ಅಂಬಿಗರ ಮತ್ತು ಬೆಸ್ತರ ಬದುಕು ನದಿಯನ್ನೇ ನಂಬಿತ್ತು. ನದಿಯ ಕಸುಬಿನವರ ದನಿಯು ಅದೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಮೂಲಕ ಸಾಹಿತ್ಯವನ್ನು ಪ್ರವೇಶಿಸಿತು. ಅದಕ್ಕೆ ಕೆಲವು ದಶಕಗಳ ಮೊದಲು, ಬೇರೊಂದು ದಾರಿಯಲ್ಲಿ, ಅವರ ಕಸುಬಿನ ತಿಳಿವಳಿಕೆಯು ಅರಸನ ಸಂಸ್ಕೃತ ಗ್ರಂಥವನ್ನು ಸೇರಿತ್ತು.

ಕೃತಿಗಳು

ಸೋಮೇಶ್ವರನ ಹೆಸರಿನಲ್ಲಿ ಎರಡು ಸಂಸ್ಕೃತ ಕೃತಿಗಳಿವೆ. ವಿಕ್ರಮಾಂಕಾಭ್ಯುದಯವು ತಂದೆಯ ಚರಿತ್ರೆಯನ್ನು ಹೇಳುವ ಕಾವ್ಯ. ಅಪೂರ್ಣವಾಗಿ ದೊರೆತಿರುವ ಈ ಕೃತಿಯಲ್ಲಿ ಕರ್ಣಾಟ ದೇಶ ಹಾಗೂ ಕಲ್ಯಾಣ ನಗರದ ವರ್ಣನೆಗಳಿವೆ. ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಇದು 1966ರಲ್ಲಿ ಪ್ರಕಟವಾಯಿತು.

ಎರಡನೆಯದಾದ ಮಾನಸೋಲ್ಲಾಸದಲ್ಲಿ ಗಣಿತದ ಲೆಕ್ಕಕ್ಕೆ ಆಧಾರವಾಗಿ ಶಕವರ್ಷ 1051 ಅನ್ನು, ಅಂದರೆ ಕ್ರಿ.ಶ. 1129 ಅನ್ನು ತೆಗೆದುಕೊಳ್ಳಲಾಗಿದೆ. ಆದ್ದರಿಂದ ಗ್ರಂಥವು ಆ ವರ್ಷದ ಆಸುಪಾಸಿನಲ್ಲಿ ರಚಿತವಾಯಿತೆಂದು ತಿಳಿಯಲಾಗಿದೆ. ಗ್ರಂಥದಲ್ಲಿ ತಲಾ 20 ಅಧ್ಯಾಯಗಳ ಐದು ವಿಂಶತಿಗಳಿದ್ದು, ಒಟ್ಟು 100 ಅಧ್ಯಾಯಗಳಿವೆ.

ಮೊದಲನೆಯ ವಿಂಶತಿಯು ರಾಜ್ಯವನ್ನು ಪಡೆಯಲು ಬೇಕಾದ ಗುಣಗಳನ್ನು ಹೇಳುತ್ತದೆ. ಸುಳ್ಳನ್ನು ಬಿಡುವುದು, ಪರರಿಗೆ ದ್ರೋಹ ಬಗೆಯದಿರುವುದು, ಕೋಪವನ್ನೂ ಆತ್ಮಸ್ತುತಿಯನ್ನೂ ತೊರೆಯುವುದು, ದಾನ, ಅತಿಥಿಸತ್ಕಾರ, ದೀನರ ಪೋಷಣೆ, ಶರಣು ಬಂದವರ ರಕ್ಷಣೆ ಇದರ ವಿಷಯಗಳು. ಎರಡನೆಯದು ಗಳಿಸಿದ ರಾಜ್ಯವನ್ನು ಸ್ಥಿರಗೊಳಿಸುವ ಬಗೆಯನ್ನು, ಅಂದರೆ ಮಂತ್ರಿಗಳು, ಬೊಕ್ಕಸ, ಕೋಟೆ, ಸೈನ್ಯಗಳ ವಿಚಾರವನ್ನು ಒಳಗೊಂಡಿದೆ. ಮೂರನೆಯದು ಉಪಭೋಗಗಳಿಗೆ ಮೀಸಲಾಗಿದೆ. ಮನೆ, ಸ್ನಾನ, ವಸ್ತ್ರ, ಆಭರಣ, ಸುಗಂಧ, ಊಟ ಮೊದಲಾದವು ಇಲ್ಲಿ ಬರುತ್ತವೆ. ನಾಲ್ಕನೆಯದು ವಿನೋದಗಳನ್ನೂ ಐದನೆಯದು ಕ್ರೀಡೆಗಳನ್ನೂ ವಿವರಿಸುತ್ತವೆ.

ಅನ್ನಭೋಗವೆಂಬ ಅಧ್ಯಾಯವು ಆಹಾರದ ಇತಿಹಾಸವನ್ನು ಅಭ್ಯಸಿಸುವವರಿಗೆ ಅಮೂಲ್ಯವಾದ ಆಕರ. ಇಡ್ಲಿಯ ಪೂರ್ವರೂಪವಾದ ಇಡ್ಡರಿಕಾ, ದೋಸೆಯನ್ನು ಸೂಚಿಸುವ ಧೋಸಕ, ವಡೆಯನ್ನು ಸೂಚಿಸುವ ವಟಕ ಮೊದಲಾದ ತಿನಿಸುಗಳ ವಿವರಗಳು ಇದರಲ್ಲಿವೆ. ಮಾಂಸ ಮತ್ತು ಮೀನಿನ ಅಡುಗೆಗಳಿಗೂ ಇಲ್ಲಿ ಸ್ಥಾನವಿದೆ. ಗೀತ, ವಾದ್ಯ, ನೃತ್ಯಗಳ ಅಧ್ಯಾಯಗಳು ದೇಶಿ ಸಂಗೀತದ ಚರಿತ್ರೆಗೆ ಮುಖ್ಯವಾಗಿವೆ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ತನಗಿಂತ ಹಿಂದಿನ ಸಂಗೀತಶಾಸ್ತ್ರಜ್ಞರನ್ನು ಹೆಸರಿಸುವಾಗ ಸೋಮೇಶ್ವರನನ್ನೂ ಸೇರಿಸಿದ್ದಾನೆ.

ಇಷ್ಟೊಂದು ವಿಷಯಗಳನ್ನು ಅರಸನೊಬ್ಬನೇ ಬರೆದಿರುವುದು ಕಷ್ಟ, ಆಸ್ಥಾನದ ತಜ್ಞರ ನೆರವು ಅವನಿಗೆ ಇದ್ದಿರಬೇಕು ಎಂಬ ಅಭಿಪ್ರಾಯವಿದೆ. ಗ್ರಂಥದ ಯೋಜನೆಯು ಮಾತ್ರ ಏಕಮುಖವಾಗಿದೆ. ಪ್ರತಿಯೊಂದು ವಿಷಯವನ್ನೂ ಮೊದಲು ವರ್ಗೀಕರಿಸಿ, ಲಕ್ಷಣಗಳನ್ನು ಹೇಳಿ, ಬಳಿಕ ಬಳಕೆಯ ಕ್ರಮವನ್ನು ವಿವರಿಸುವುದು ಇದರ ಪದ್ಧತಿ.

ಮತ್ಸ್ಯವಿನೋದ

ನಾಲ್ಕನೆಯದಾದ ವಿನೋದ ವಿಂಶತಿಯಲ್ಲಿ ಶಸ್ತ್ರವಿದ್ಯೆ, ಶಾಸ್ತ್ರಚರ್ಚೆ, ಆನೆ ಕುದುರೆಗಳ ಓಟ, ಮಲ್ಲಯುದ್ಧ, ಕೋಳಿ, ಲಾವಕ್ಕಿ, ಟಗರು, ಕೋಣಗಳ ಕಾಳಗ, ಪಾರಿವಾಳ, ಬೇಟೆನಾಯಿ, ಡೇಗೆ, ಮೃಗಬೇಟೆ, ಗೀತ, ವಾದ್ಯ, ನೃತ್ಯ, ಕಥೆ ಮೊದಲಾದ ಅರಮನೆಯ ಮನರಂಜನೆಗಳು ಬರುತ್ತವೆ. ಮೀನು ಹಿಡಿಯುವುದನ್ನು ಕುರಿತ ಮತ್ಸ್ಯವಿನೋದವು ಇವುಗಳಲ್ಲೊಂದು. ಬಲೆ ಬೀಸಿ ಮೀನು ಹಿಡಿಯುವುದು ಜೀವನೋಪಾಯದ ಕಸುಬು. ಅರಸನ ವಿನೋದಕ್ಕೆ ಇಲ್ಲಿ ಹೇಳಿರುವುದು ಕೋಲು, ದಾರ, ಗಾಳಗಳಿಂದ ಒಂದೊಂದೇ ಮೀನನ್ನು ಹಿಡಿಯುವ ಬಗೆ.

ಅಧ್ಯಾಯದ ಮೊದಲ ಭಾಗವು ಮೀನುಗಳ ವರ್ಗೀಕರಣ. ಸಮುದ್ರದ ಮೀನು ಮತ್ತು ಸಿಹಿನೀರಿನ ಮೀನು, ಹುರುಪೆಯುಳ್ಳವು ಮತ್ತು ನುಣುಪು ಚರ್ಮದವು, ಗಾತ್ರದಲ್ಲಿ ದೊಡ್ಡವು, ನಡುವಣವು ಮತ್ತು ಚಿಕ್ಕವು ಎಂಬ ಭೇದಗಳನ್ನು ಇಲ್ಲಿ ಮಾಡಲಾಗಿದೆ. ಒಟ್ಟು ಸುಮಾರು 35 ಬಗೆಯ ಮೀನುಗಳ ಪ್ರಸ್ತಾಪವಿದೆ. ರೋಹಿತ, ಪಾಠೀನದಂತಹ ಹೆಸರುಗಳು ಸಂಸ್ಕೃತದಲ್ಲಿ ಹಿಂದಿನಿಂದ ಬಂದವು. ಸೊರದಂತಹ ಹೆಸರುಗಳು ಕರಾವಳಿಯ ಆಡುಮಾತಿನವು. ಶಾಸ್ತ್ರಗ್ರಂಥಗಳಲ್ಲಿ ದೊರೆಯದ ಇಂತಹ ಹೆಸರುಗಳು ಅರಸನಿಗಾಗಲಿ ಅವನ ಪಂಡಿತರಿಗಾಗಲಿ ತಿಳಿಯಬೇಕಾದರೆ ಮೀನು ಹಿಡಿಯುವವರನ್ನೇ ಕೇಳಬೇಕಾಗಿತ್ತು. ಗ್ರಂಥದಲ್ಲಿ ಅವರ ಹೆಸರುಗಳು ಉಳಿದಿಲ್ಲ. ಅವರ ಮಾತುಗಳು ಉಳಿದಿವೆ.

ಎರಡನೆಯ ಭಾಗವು ಮೀನಿಗೆ ತಿನಿಸು ಹಾಕುವ ಕ್ರಮ. ಗಾಳ ಹಾಕುವುದಕ್ಕೆ ಮುಂಚೆ ಮೀನುಗಳಿಗೆ ತಿನಿಸನ್ನು ಕೊಟ್ಟು ಅವುಗಳನ್ನು ಒಂದು ಸ್ಥಳಕ್ಕೆ ಬರುವಂತೆ ರೂಢಿ ಮಾಡಿಸಬೇಕು ಎಂಬುದು ಇದರ ತಿರುಳು. ಎಲ್ಲ ಮೀನಿಗೂ ಒಂದೇ ತಿನಿಸಲ್ಲ. ಕಾಳು ಹಿಟ್ಟುಗಳ ಉಂಡೆಯನ್ನು ಬಯಸುವ ಮೀನುಗಳಿವೆ, ಮಾಂಸವನ್ನು ಬಯಸುವವೂ ಇವೆ. ಯಾವ ಜಾತಿಗೆ ಯಾವುದು ಹಿತವೆಂಬುದನ್ನು ಅಧ್ಯಾಯವು ಬೇರೆ ಬೇರೆಯಾಗಿ ಹೇಳುತ್ತದೆ. ಮೂರನೆಯ ಭಾಗವು ದಾರ, ಕೋಲು, ಗಾಳಗಳೆಂಬ ಸಾಧನಗಳನ್ನೂ ಅವುಗಳಿಂದ ಮೀನನ್ನು ಹಿಡಿಯುವ ಬಗೆಯನ್ನೂ ಕುರಿತದ್ದು.

ಈ ಅನುಕ್ರಮವೇ ಅಧ್ಯಾಯದ ವೈಶಿಷ್ಟ್ಯ. ಮೊದಲು ಮೀನಿನ ಜಾತಿ, ಆಮೇಲೆ ಅದು ಇರುವ ನೀರು, ಆಮೇಲೆ ಅದರ ಆಹಾರ, ಕೊನೆಗೆ ಸಲಕರಣೆ. ಕೈಯಲ್ಲಿರುವ ಸಾಧನಕ್ಕಿಂತ ಮೀನಿನ ಸ್ವಭಾವದ ತಿಳಿವಳಿಕೆಯು ಮುಖ್ಯವೆಂಬುದು ಇದರಿಂದ ವ್ಯಕ್ತವಾಗುತ್ತದೆ. ಗಾಳಗಾರಿಕೆಯ ಇಂದಿನ ಕೈಪಿಡಿಗಳೂ ಇದೇ ಕ್ರಮವನ್ನು ಅನುಸರಿಸುತ್ತವೆ.

ಮೊದಲನೆಯ ವಿಂಶತಿಯ ಪರದ್ರೋಹವರ್ಜನಕ್ಕೂ ನಾಲ್ಕನೆಯ ವಿಂಶತಿಯ ಬೇಟೆ ಮತ್ತು ಮೀನುಗಾರಿಕೆಗೂ ಹೊಂದಾಣಿಕೆ ಹೇಗೆ ಎಂಬ ಪ್ರಶ್ನೆ ಓದುಗರಿಗೆ ಏಳುವುದು ಸಹಜ. ಜೈನರು ಪ್ರಬಲರಾಗಿದ್ದ, ಕೆಲವೇ ದಶಕಗಳಲ್ಲಿ ಶರಣರು ದಯೆಯನ್ನು ಧರ್ಮದ ಮೂಲವೆಂದು ಸಾರಲಿದ್ದ ನಾಡಿನಲ್ಲಿ ಈ ಪ್ರಶ್ನೆಗೆ ತೂಕವಿತ್ತು. ಬೇಟೆಯು ಕ್ಷತ್ರಿಯನಿಗೆ ಒಪ್ಪಿತವಾದ ವಿನೋದವೆಂಬ ರೂಢಿಯನ್ನೇ ಗ್ರಂಥದ ಯೋಜನೆಯು ಅನುಸರಿಸಿದೆ.

ಮೀನುಗಳ ಗುರುತಿಸುವಿಕೆ

ಮತ್ಸ್ಯವಿನೋದವನ್ನು ಪ್ರಾಣಿವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಿದವರಲ್ಲಿ ಮೊದಲಿಗರು ಭಾರತೀಯ ಪ್ರಾಣಿವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ (1896–1955). ಪ್ರಾಚೀನ ಭಾರತೀಯರ ಮತ್ಸ್ಯಜ್ಞಾನವನ್ನು ಕುರಿತ ತಮ್ಮ ಲೇಖನಮಾಲೆಯಲ್ಲಿ ಅವರು ಈ ಅಧ್ಯಾಯದ ಅಧ್ಯಯನವನ್ನು 1951ರಲ್ಲಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. 2005ರಲ್ಲಿ ನಳಿನಿ ಸಾಧಲೆ ಮತ್ತು ವೈ. ಎಲ್. ನೆನೆ ಅವರು ಏಷ್ಯನ್ ಅಗ್ರಿ-ಹಿಸ್ಟರಿ ಪತ್ರಿಕೆಯಲ್ಲಿ ಇದೇ ವಿಷಯವನ್ನು ಮತ್ತೆ ಕೈಗೆತ್ತಿಕೊಂಡರು.

ಹಳೆಯ ಹೆಸರುಗಳನ್ನು ಇಂದಿನ ಜಾತಿಗಳಿಗೆ ಹೊಂದಿಸುವ ಕೆಲಸ ಸುಲಭವಲ್ಲ. ಉದಾಹರಣೆಗೆ, ರೋಹಿತವೆಂದರೆ ಇಂದಿನ ರೋಹು ಎಂದು ತಕ್ಷಣ ತೋರುತ್ತದೆ. ಆದರೆ ರೋಹು ಉತ್ತರ ಭಾರತದ ನದಿಗಳ ಮೀನು. ದಕ್ಷಿಣದ ಕೆರೆ, ಜಲಾಶಯಗಳಿಗೆ ಅದನ್ನು ತಂದು ಬಿಟ್ಟದ್ದು ಆಧುನಿಕ ಕಾಲದಲ್ಲಿ. ಕೃಷ್ಣೆಯಲ್ಲಿ ಮೊದಲಿನಿಂದಲೂ ಇರುವುದು ಅದೇ ಕುಲಕ್ಕೆ ಸೇರಿದ ಲೇಬಿಯೋ ಫಿಂಬ್ರಿಯೇಟಸ್ ಮೊದಲಾದ ಜಾತಿಗಳು. ಆದ್ದರಿಂದ ಗ್ರಂಥದ ರೋಹಿತವು ಸಂಸ್ಕೃತದ ಹಳೆಯ ಹೆಸರನ್ನು ಸ್ಥಳೀಯ ಮೀನಿಗೆ ಅನ್ವಯಿಸಿದ್ದೂ ಆಗಿರಬಹುದು. ಪಾಠೀನವನ್ನು ಸಾಮಾನ್ಯವಾಗಿ ಮೀಸೆಯುಳ್ಳ, ಹುರುಪೆಯಿಲ್ಲದ ಬಾಳೆಮೀನಿನ ಬಳಗಕ್ಕೆ ಸೇರಿಸುತ್ತಾರೆ.

ಗಾಳಗಾರಿಕೆಯ ಚರಿತ್ರೆಯಲ್ಲಿ ಸ್ಥಾನ

ಗಾಳವನ್ನು ಕುರಿತ ಬರಹಗಳು ಜಗತ್ತಿನ ಬೇರೆಡೆ ಇನ್ನೂ ಹಿಂದಿನಿಂದ ದೊರೆಯುತ್ತವೆ. ಎರಡನೆಯ ಶತಮಾನದ ಗ್ರೀಕ್ ಕವಿ ಓಪ್ಪಿಯನ್‌ನು ಮೀನುಗಾರಿಕೆಯ ಮೇಲೆ ಕಾವ್ಯವನ್ನೇ ಬರೆದಿದ್ದಾನೆ. ಇಂಗ್ಲಿಷಿನಲ್ಲಿ ಗಾಳಗಾರಿಕೆಯ ಮೊದಲ ಮುದ್ರಿತ ಪ್ರಬಂಧವು 1496ರದು. ಅದನ್ನು ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿಯ ಹೆಸರಿಗೆ ಸೇರಿಸುವ ವಾಡಿಕೆಯಿದೆ. ಸೋಮೇಶ್ವರನ ಅಧ್ಯಾಯವು ಅದಕ್ಕಿಂತ ಮೂರೂವರೆ ಶತಮಾನಗಳಷ್ಟು ಹಳೆಯದು.

ಸೋಮೇಶ್ವರನು ಹೇಳುವ ಸಲಕರಣೆಯಲ್ಲಿ ದಾರವನ್ನು ಸುತ್ತುವ ರಾಟೆ ಅಥವಾ ರೀಲು ಇಲ್ಲ. ಹೀಗೆ ಕೋಲಿನ ತುದಿಗೆ ದಾರವನ್ನು ಕಟ್ಟಿದಾಗ ದಾರದ ಉದ್ದಕ್ಕಿಂತ ದೂರಕ್ಕೆ ಗಾಳ ಹೋಗದು. ದೊಡ್ಡ ಮೀನು ಸಿಕ್ಕಿ ಓಡತೊಡಗಿದರೆ ಬಿಟ್ಟುಕೊಡಲು ಹೆಚ್ಚಿನ ದಾರವೂ ಇರದು. ಕೋಲಿನ ಬಾಗು, ದಾರದ ಗಟ್ಟಿತನ ಮತ್ತು ಹಿಡಿದವನ ತಾಳ್ಮೆ ಇವೇ ಆಧಾರ. ಆದ್ದರಿಂದಲೇ ಮೀನನ್ನು ಹತ್ತಿರಕ್ಕೆ ಕರೆತರುವ ತಿನಿಸಿನ ವಿಧಾನಕ್ಕೆ ಇಂತಹ ಗಾಳಗಾರಿಕೆಯಲ್ಲಿ ಹೆಚ್ಚಿನ ಬೆಲೆ. ದಾರಕ್ಕೆ ಕಟ್ಟುವ ತೇಲುಬೆಂಡಿಗೆ ಸಂಸ್ಕೃತ ನಿಘಂಟುಗಳಲ್ಲಿ ತರಂಡ ಎಂಬ ಪದವಿದೆ. ನೀರಿನ ಕೆಳಗಿನ ಮೀನು ಎರೆಯನ್ನು ಮುಟ್ಟಿದ್ದನ್ನು ಮೇಲಿರುವವನಿಗೆ ತಿಳಿಸುವ ಈ ಸರಳ ಸಾಧನವು ಇಂದಿಗೂ ಬದಲಾಗಿಲ್ಲ.

ರೀಲಿನ ಅತ್ಯಂತ ಹಳೆಯ ಚಿತ್ರಗಳಲ್ಲೊಂದು ಸೋಮೇಶ್ವರನ ಶತಮಾನದ್ದೇ. ಚೀನಾದ ದಕ್ಷಿಣ ಸುಂಗ್ ಕಾಲದ ಚಿತ್ರಕಾರ ಮಾ ಯುವಾನ್‌ನದೆಂದು ಹೇಳಲಾಗುವ, ಸುಮಾರು 1195ರ ಚಿತ್ರದಲ್ಲಿ ಚಳಿಗಾಲದ ನೀರಿನ ಮೇಲೆ ದೋಣಿಯಲ್ಲಿ ಒಂಟಿಯಾಗಿ ಕುಳಿತವನ ಕೋಲಿಗೆ ಚಿಕ್ಕ ರಾಟೆಯೊಂದು ಕಾಣುತ್ತದೆ. ಇಂಗ್ಲಿಷ್ ಪುಸ್ತಕಗಳಲ್ಲಿ ರೀಲಿನ ಪ್ರಸ್ತಾಪವು 1651ರಿಂದ ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಟ್ರೆಂಟ್ ನದಿಯ ದಡದ ನಾಟಿಂಗ್‌ಹ್ಯಾಮ್ ಪಟ್ಟಣದಲ್ಲಿ ಸೆಂಟರ್‌ಪಿನ್ ರೀಲು ಬೆಳೆಯಿತು. ಒಂದೇ ನಡುಕಡ್ಡಿಯ ಮೇಲೆ ಸಲೀಸಾಗಿ ತಿರುಗುವ ಮರದ ಉರುಳೆ ಅದು. ಹರಿಯುವ ನೀರು ಬೆಂಡನ್ನು ಎಳೆದುಕೊಂಡು ಹೋದಂತೆ ಉರುಳೆಯು ತಾನೇ ತಿರುಗಿ ದಾರವನ್ನು ಬಿಡುತ್ತದೆ. ಮೀನು ಓಡಿದಾಗ ಉರುಳೆಯ ಅಂಚಿಗೆ ಹೆಬ್ಬೆರಳನ್ನು ಒತ್ತಿ ತಡೆಯಬೇಕು. 1890ರ ದಶಕದಲ್ಲಿ ರೆಡಿಚ್‌ನ ಆಲ್ಕಾಕ್ ಸಂಸ್ಥೆಯು ತಯಾರಿಸತೊಡಗಿದ ಏರಿಯಲ್ ಎಂಬ ಹಗುರವಾದ ಮಾದರಿಯನ್ನು ಹಳೆಯ ರೀಲುಗಳ ಸಂಗ್ರಾಹಕರು ಈಗಲೂ ಹುಡುಕುತ್ತಾರೆ. ಅವರು ಮೊದಲು ನೋಡುವುದು ಕಡ್ಡಿ ಸವೆದು ಉರುಳೆ ಅಲುಗಾಡುತ್ತದೆಯೇ, ಬೆರಳಿನ ಸಣ್ಣ ತಟ್ಟಿಗೆ ಅದು ಬಹಳ ಹೊತ್ತು ಸದ್ದಿಲ್ಲದೆ ತಿರುಗುತ್ತದೆಯೇ ಎಂಬುದನ್ನು.

ಕನ್ನಡ ನಾಡಿನಲ್ಲಿ ರೀಲು ಹಿಡಿದ ಗಾಳಗಾರಿಕೆಯು ವಸಾಹತು ಕಾಲದ ಬ್ರಿಟಿಷ್ ಅಧಿಕಾರಿಗಳಿಂದ ಪ್ರಚಾರಕ್ಕೆ ಬಂದಿತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿ ಕೆಲಸ ಮಾಡಿದ ಎಚ್. ಎಸ್. ಥಾಮಸ್ ಅವರು 1873ರಲ್ಲಿ ದಿ ರಾಡ್ ಇನ್ ಇಂಡಿಯಾ ಎಂಬ ಪುಸ್ತಕವನ್ನೂ 1887ರಲ್ಲಿ ಕೆರೆಗಳಲ್ಲಿ ಗಾಳ ಹಾಕುವುದನ್ನು ಕುರಿತ ಟ್ಯಾಂಕ್ ಆ್ಯಂಗ್ಲಿಂಗ್ ಇನ್ ಇಂಡಿಯಾ ಎಂಬ ಪುಸ್ತಕವನ್ನೂ ಪ್ರಕಟಿಸಿದರು. ಆ ವೇಳೆಗೆ ಮಾನಸೋಲ್ಲಾಸವು ಇನ್ನೂ ಅಚ್ಚಾಗಿರಲಿಲ್ಲ. ತಾವು ನಿಂತ ನಾಡಿನಲ್ಲೇ ಏಳು ಶತಮಾನಗಳ ಹಿಂದೆ ಅದೇ ವಿಷಯದ ಬರಹವೊಂದು ಹುಟ್ಟಿತ್ತೆಂಬುದನ್ನು ಆ ಕಾಲದ ಗಾಳಗಾರರು ಅಚ್ಚಿನಲ್ಲಿ ಓದುವಂತಿರಲಿಲ್ಲ.

ಗ್ರಂಥದ ಪ್ರಕಟಣೆ

ಶತಮಾನಗಳ ಕಾಲ ಹಸ್ತಪ್ರತಿಗಳಲ್ಲಿಯೇ ಉಳಿದಿದ್ದ ಮಾನಸೋಲ್ಲಾಸವು ಇಪ್ಪತ್ತನೆಯ ಶತಮಾನದಲ್ಲಿ ಎರಡು ಕಡೆ ಮುದ್ರಣಗೊಂಡಿತು. ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಜಿ. ಕೆ. ಶ್ರೀಗೊಂಡೇಕರ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟವು 1925ರಲ್ಲಿ, ಎರಡನೆಯದು 1939ರಲ್ಲಿ, ಮೂರನೆಯದು 1961ರಲ್ಲಿ ಹೊರಬಂದವು. ಮೈಸೂರು ವಿಶ್ವವಿದ್ಯಾನಿಲಯವು ಅಭಿಲಷಿತಾರ್ಥಚಿಂತಾಮಣಿ ಎಂಬ ಹೆಸರಿನಲ್ಲಿ ಗ್ರಂಥದ ಮೊದಲ ಭಾಗವನ್ನು 1926ರಲ್ಲಿ ಪ್ರಕಟಿಸಿತು. ಅದರ ಸಂಪಾದಕರು ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು.

ಪರಂಪರೆ ಮತ್ತು ಮೌಲ್ಯಮಾಪನ

ಸೋಮೇಶ್ವರನ ವಿದ್ಯಾಸಕ್ತಿಯು ಅವನ ಮಗನಲ್ಲಿಯೂ ಮುಂದುವರಿಯಿತು. ಇಮ್ಮಡಿ ಜಗದೇಕಮಲ್ಲನು ಸಂಗೀತಚೂಡಾಮಣಿ ಎಂಬ ಸಂಗೀತಶಾಸ್ತ್ರ ಗ್ರಂಥದ ಕರ್ತೃ. ಕರ್ಣಾಟಕ ಭಾಷಾಭೂಷಣ ಮತ್ತು ಕಾವ್ಯಾವಲೋಕನಗಳನ್ನು ರಚಿಸಿದ ಇಮ್ಮಡಿ ನಾಗವರ್ಮನು ಆ ಅರಸನ ಕಟಕೋಪಾಧ್ಯಾಯನಾಗಿದ್ದನೆಂದು ತಿಳಿಯಲಾಗಿದೆ. ವಿಶ್ವಕೋಶ ಸ್ವರೂಪದ ಗ್ರಂಥಗಳನ್ನು ಅರಸರೇ ರಚಿಸುವ ಸಂಪ್ರದಾಯವು ಕರ್ನಾಟಕದಲ್ಲಿ ಬಹುಕಾಲ ಉಳಿದು, ಕೆಳದಿಯ ಬಸವಪ್ಪ ನಾಯಕನ ಶಿವತತ್ತ್ವರತ್ನಾಕರದಲ್ಲಿ (1709) ಮತ್ತೆ ಕಾಣಿಸಿಕೊಂಡಿತು.

ರಾಜಕೀಯ ಚರಿತ್ರೆಯಲ್ಲಿ ಸೋಮೇಶ್ವರನಿಗೆ ದೊರೆತಿರುವ ಸ್ಥಾನ ಚಿಕ್ಕದು. ಪರಾಕ್ರಮಿ ತಂದೆಗೂ ಸಾಮ್ರಾಜ್ಯವನ್ನು ಕಳೆದುಕೊಂಡ ಉತ್ತರಾಧಿಕಾರಿಗಳಿಗೂ ನಡುವೆ ಬಂದ ಅವನನ್ನು ಸಾಮಂತರ ಬೆಳವಣಿಗೆಯನ್ನು ತಡೆಯದ ಪಂಡಿತ ಅರಸನೆಂದು ಕೆಲವು ಇತಿಹಾಸಕಾರರು ಚಿತ್ರಿಸಿದ್ದಾರೆ. ಹೊಯ್ಸಳರು, ಕಳಚುರಿಗಳು, ಸೇವುಣರು ಬಲಗೊಂಡದ್ದಕ್ಕೆ ಸಾಮಂತ ವ್ಯವಸ್ಥೆಯ ಒಳಗಿನ ದೌರ್ಬಲ್ಯವೇ ಮುಖ್ಯ ಕಾರಣವಾಗಿತ್ತು. ಅದು ವಿಕ್ರಮಾದಿತ್ಯನ ಕಾಲದಲ್ಲಿಯೇ ಕಾಣಿಸಿಕೊಂಡಿದ್ದುದರಿಂದ ಹೊಣೆಯನ್ನೆಲ್ಲ ಸೋಮೇಶ್ವರನೊಬ್ಬನ ಮೇಲೆ ಹೊರಿಸುವುದು ಸರಿಯಾಗದು.

ಸಾಂಸ್ಕೃತಿಕ ಚರಿತ್ರೆಯಲ್ಲಿ ಅವನ ಸ್ಥಾನವು ಭದ್ರವಾಗಿದೆ. ಅಡುಗೆಯವರು, ಮಾವುತರು, ಚಿತ್ರಗಾರರು, ಜಟ್ಟಿಗಳು, ಮೀನುಗಾರರು ಕೈಯಿಂದ ಕೈಗೆ ದಾಟಿಸುತ್ತಿದ್ದ ವಿದ್ಯೆಗಳನ್ನು ರಾಜನೀತಿಯ ಪಕ್ಕದಲ್ಲಿಯೇ, ಅದೇ ಭಾಷೆಯಲ್ಲಿ, ಅದೇ ಕ್ರಮದಲ್ಲಿ ಬರೆದಿಟ್ಟದ್ದು ಅವನ ಸಾಧನೆ. ಆ ವಿದ್ಯೆಗಳಲ್ಲಿ ಮೀನಿನದು ಇಂದು ವಿಶೇಷವಾದ ಮಹತ್ವವನ್ನು ಪಡೆದಿದೆ. ಆಲಮಟ್ಟಿ ಮತ್ತು ನಾರಾಯಣಪುರ ಅಣೆಕಟ್ಟುಗಳ ನಂತರ ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯ ಹರಿವು ಬದಲಾಗಿದೆ. ಹಳೆಯ ಬಾಗಲಕೋಟೆಯ ಬಹುಭಾಗವು ಹಿನ್ನೀರಿನಲ್ಲಿ ಮುಳುಗಿತು. ಕೂಡಲಸಂಗಮದ ಸುತ್ತ ಹರಿಯುವ ನದಿಯ ಬದಲಿಗೆ ನಿಂತ ನೀರು ಹರಡಿದೆ. ನಿಂತ ನೀರಿನಲ್ಲಿ ಕಟ್ಲಾ, ರೋಹುಗಳಂತಹ ಹೊರಗಿನಿಂದ ತಂದ ಮೀನುಗಳು ಬೆಳೆಯುತ್ತವೆ. ಹರಿಯುವ ನೀರನ್ನೇ ನಂಬಿದ ಸ್ಥಳೀಯ ಜಾತಿಗಳಿಗೆ ನೆಲೆ ಕಿರಿದಾಗುತ್ತದೆ. ಯಾವ ಮೀನು ಎಂತಹ ನೀರಿನಲ್ಲಿ ಇರುತ್ತದೆ, ಏನನ್ನು ತಿನ್ನುತ್ತದೆ ಎಂದು 1129ರ ಸುಮಾರಿಗೆ ದಾಖಲಿಸಿದ ಗ್ರಂಥವು, ಈ ಬದಲಾವಣೆಗೆ ಬಹಳ ಹಿಂದಿನ ನದಿಗಳನ್ನು ಅರಿಯಲು ನೆರವಾಗುವ ಅಪರೂಪದ ಆಕರವಾಗಿದೆ.